ಎಕರೆಗೆ ಎಷ್ಟು, ಆಳಿಗೆ ಎಷ್ಟು?

ಸುಗ್ಗಿಯ ದಿನಗಳಲ್ಲಿ ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾವ ಊರಿನ ಅರಳಿಕಟ್ಟೆಯ ಬಳಿ ನಿಂತರೂ ಕಿವಿಗೆ ಬೀಳುವ ಪ್ರಶ್ನೆ ಒಂದೇ: ‘ಎಕರೆಗೆ ಎಷ್ಟು ಬಂತು?’ ಭತ್ತವಾದರೆ ಇಷ್ಟು ಕ್ವಿಂಟಲ್, ಕಬ್ಬಾದರೆ ಇಷ್ಟು ಟನ್, ರಾಗಿಯಾದರೆ ಇಷ್ಟು ಮೂಟೆ ಎಂಬ ಉತ್ತರವೂ ಸಿದ್ಧವಾಗಿರುತ್ತದೆ. ಸರ್ಕಾರದ ವರದಿಗಳು, ಸಂಶೋಧನಾ ಕೇಂದ್ರಗಳ ಪ್ರಕಟಣೆಗಳು, ಕೃಷಿ ಮೇಳಗಳ ಬಹುಮಾನಗಳು ಎಲ್ಲವೂ ಇದೇ ಪ್ರಶ್ನೆಯ ಸುತ್ತ ಸುತ್ತುತ್ತವೆ.

ಈ ಪ್ರಶ್ನೆ ತಲೆತಲಾಂತರದಿಂದ ಬಂದದ್ದೇನೂ ಅಲ್ಲ. ಇನ್ನೂರು ವರ್ಷಗಳ ಹಿಂದೆ ಇದೇ ಊರುಗಳಲ್ಲಿ ಒಕ್ಕಲುಗಳು ಲೆಕ್ಕ ಹಾಕುತ್ತಿದ್ದುದು ಬಿತ್ತಿದ ಬೀಜದ ಮೇಲೆ. ಎಕರೆಯ ಲೆಕ್ಕ ಬಂದದ್ದು ಆಮೇಲೆ. ಇವೆರಡರ ಜೊತೆಗೆ ಮೂರನೆಯದೊಂದು ಪ್ರಶ್ನೆ ಇದೆ. ಹೊಲದಲ್ಲಿ ದುಡಿದ ಒಬ್ಬ ಆಳಿನ ಪಾಲಿಗೆ ಎಷ್ಟು ಬಂತು? ಅರ್ಥಶಾಸ್ತ್ರಜ್ಞರು ‘ಶ್ರಮದ ಉತ್ಪಾದಕತೆ’ ಎಂದು ಕರೆಯುವುದು ಇದನ್ನೇ. ಊರಿನ ಬಡತನ, ಸಿರಿತನ ನಿರ್ಧಾರವಾಗುವುದು ಬಹುಮಟ್ಟಿಗೆ ಈ ಮೂರನೆಯ ಪ್ರಶ್ನೆಯಿಂದ. ಆದರೂ ನಮ್ಮಲ್ಲಿ ಇದನ್ನು ಕೇಳಿದವರು ಕಡಿಮೆ.

ಈ ವಿಷಯವನ್ನು ಅರ್ಥ ಮಾಡಿಕೊಳ್ಳಲು ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳು ಒಳ್ಳೆಯ ಉದಾಹರಣೆ. ಶ್ರೀರಂಗಪಟ್ಟಣದಲ್ಲಿ ಅರಸರ ಕಾಲದ ಕಾವೇರಿ ನಾಲೆಗಳಿವೆ. ಹಿಂದೆ ಹಿರೋಡೆ, ಫ್ರೆಂಚ್ ರಾಕ್ಸ್ ಎಂಬ ಹೆಸರುಗಳಿದ್ದ ಪಾಂಡವಪುರದಲ್ಲಿ ತೊಣ್ಣೂರಿನ ಪುರಾತನ ಕೆರೆಯೂ ವಿಶ್ವೇಶ್ವರಯ್ಯ ನಾಲೆಯೂ ಇವೆ. ಹಿಂದಿನ ಅತ್ತಿಕುಪ್ಪೆಯಾದ ಕೆ.ಆರ್. ಪೇಟೆಗೆ ಮಂದಗೆರೆ, ಹೇಮಗಿರಿ ಅಣೆಕಟ್ಟೆಗಳಿಂದ ಹೇಮಾವತಿಯ ನೀರು ಹರಿದಿದೆ. ನಾಗಮಂಗಲವಂತೂ ಬಹುಕಾಲ ಮಳೆಯನ್ನೇ ನಂಬಿದ ರಾಗಿ, ಹುರುಳಿ, ತೆಂಗಿನ ಸೀಮೆ. ಒಂದೇ ಜಿಲ್ಲೆಯೊಳಗೆ ತರಿಯೂ ಇದೆ, ಖುಷ್ಕಿಯೂ ಇದೆ.

ಬೀಜದ ಲೆಕ್ಕ

ಹಳೆಯ ಮೈಸೂರಿನಲ್ಲಿ ಭೂಮಿಯನ್ನು ಅಳೆಯುತ್ತಿದ್ದುದು ಅದಕ್ಕೆ ಬೇಕಾಗುವ ಬೀಜದಿಂದ. ಇಪ್ಪತ್ತು ಕೊಳಗ ಸೇರಿದರೆ ಒಂದು ಖಂಡುಗ. ಒಂದು ಖಂಡುಗ ಬೀಜ ಬಿತ್ತಲು ಬರುವ ನೆಲವೇ ಒಂದು ಖಂಡುಗದ ಭೂಮಿ. ಹೀಗಾಗಿ ಗದ್ದೆಯ ಖಂಡುಗಕ್ಕಿಂತ ಬೆದ್ದಲ ಖಂಡುಗ ಹಲವು ಪಟ್ಟು ದೊಡ್ಡದು. ಬಿತ್ತಿದ್ದಕ್ಕೆ ಎಷ್ಟು ಪಟ್ಟು ಬಂತು ಎಂಬುದು ಆಗಿನ ಫಸಲಿನ ಅಳತೆ.

ಈ ಕ್ರಮ ಇಂದು ನಮಗೆ ವಿಚಿತ್ರವಾಗಿ ಕಾಣಬಹುದು. ಆದರೆ ಅದರಲ್ಲಿ ವಿವೇಕವಿತ್ತು. ಆಗ ಭೂಮಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದುದು ಉಳುವ ಎತ್ತಿಗೆ, ದುಡಿಯುವ ಕೈಗಳಿಗೆ, ಉಳಿಸಿಟ್ಟ ಬೀಜಕ್ಕೆ. ಯುದ್ಧ, ಬರ, ರೋಗಗಳಿಂದ ಊರುಗಳು ಪಾಳುಬೀಳುತ್ತಿದ್ದ ಕಾಲದಲ್ಲಿ ನೆಲ ಎಷ್ಟಿದೆ ಎಂಬುದಕ್ಕಿಂತ ಬಿತ್ತುವವರು ಎಷ್ಟು ಮಂದಿ ಇದ್ದಾರೆ ಎಂಬುದೇ ಅರಸನ ಬೊಕ್ಕಸವನ್ನು ನಿರ್ಧರಿಸುತ್ತಿತ್ತು.

ಹಾಗೆಂದು ನೀರಾವರಿಯನ್ನು ಅರಸರು ಕಡೆಗಣಿಸಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದ ಬಂಗಾರದೊಡ್ಡಿ ನಾಲೆಯೂ, 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆಯೂ ಶ್ರೀರಂಗಪಟ್ಟಣದ ಸುತ್ತ ಗದ್ದೆ ಬಯಲುಗಳನ್ನು ಸೃಷ್ಟಿಸಿದವು. ನೀರಗಂಟಿ ಸರದಿಯ ಪ್ರಕಾರ ತೂಬು ಬಿಡುತ್ತಿದ್ದ. ಕಣದಲ್ಲಿ ರಾಶಿ ಬಿದ್ದಾಗ ಅವನಿಗೂ, ತೋಟಿ, ತಳವಾರ, ಕಮ್ಮಾರ, ಬಡಗಿ ಮೊದಲಾದ ಆಯಗಾರರಿಗೂ ಪಾಲು ಹೋಗುತ್ತಿತ್ತು. ಒಂದು ರಾಶಿಯನ್ನು ಎಷ್ಟು ಕೈಗಳು ಸೇರಿ ಹುಟ್ಟಿಸಿವೆ ಎಂಬುದು ಕಣದಲ್ಲಿಯೇ ಎಲ್ಲರ ಕಣ್ಣಿಗೆ ಕಾಣುತ್ತಿತ್ತು.

ಬುಕಾನನ್ ಕಂಡ ನೇಗಿಲು

ಈ ಸೀಮೆಯ ಬೇಸಾಯದ ಮೊದಲ ವಿವರವಾದ ವರದಿ ನಮಗೆ ಸಿಗುವುದು ಒಬ್ಬ ವೈದ್ಯನಿಂದ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕಾನನ್‌ನನ್ನು ಮೈಸೂರು ಸೀಮೆಯ ಸಮೀಕ್ಷೆಗೆ ಕಳುಹಿಸಿತು. ಅವನ ಪ್ರವಾಸ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ದ್ವೀಪದಲ್ಲಿ ಸುಮಾರು ಒಂದೂವರೆ ಲಕ್ಷ ಜನರಿದ್ದರೆಂದೂ, ತಾನು ಬಂದಾಗ ಸುಮಾರು 32 ಸಾವಿರ ಮಂದಿ ಉಳಿದಿದ್ದರೆಂದೂ ಅವನ ಅಂದಾಜು. ರಾಜಧಾನಿ ಖಾಲಿಯಾದಾಗ ಸುತ್ತಲಿನ ಗದ್ದೆಗಳ ಭತ್ತಕ್ಕೆ ಮಾರುಕಟ್ಟೆಯೂ ಕುಗ್ಗಿರಬೇಕು.

ಬುಕಾನನ್ ರೈತರನ್ನು ಕೂರಿಸಿಕೊಂಡು ಒಂದೊಂದು ಬೆಳೆಯ ಕ್ರಮವನ್ನೂ ಬರೆದುಕೊಂಡಿದ್ದಾನೆ. ಭತ್ತದ ಕಾರು, ಹೈನು ಎಂಬ ಎರಡು ಬೆಳೆಗಳು. ಒಣ ಬೀಜ ಎರಚುವುದು, ಮೊಳಕೆ ಬರಿಸಿ ಎರಚುವುದು, ನಾಟಿ ಹಾಕುವುದು ಎಂಬ ಮೂರು ವಿಧಾನಗಳು. ರಾಗಿಗೆ ಕೂರಿಗೆ, ಕುಂಟೆ, ಜೊತೆಯಲ್ಲಿ ಅವರೆ, ತೊಗರಿಯ ಸಾಲುಗಳು. ಇವುಗಳಲ್ಲಿ ಹಲವು ಪದಗಳನ್ನು ನಮ್ಮ ಹಿರಿಯರ ಬಾಯಲ್ಲಿ ಇಂದೂ ಕೇಳಬಹುದು.

ಅವನ ಕಣ್ಣಿಗೆ ಕೊರತೆಯಾಗಿ ಕಂಡದ್ದು ನೇಗಿಲು. ಮಣ್ಣನ್ನು ಸೀಳುವ ಅಲಗಾಗಲಿ, ಮಗುಚಿ ಹಾಕುವ ರೆಕ್ಕೆಯಾಗಲಿ ಅದಕ್ಕಿಲ್ಲ ಎಂದು ಅವನು ಬರೆದ. ಮರದ ನೇಗಿಲು ನೆಲವನ್ನು ಕೆರೆಯುತ್ತದೆಯೇ ಹೊರತು ಮಗುಚುವುದಿಲ್ಲ. ಆದ್ದರಿಂದಲೇ ಒಂದೇ ಹೊಲವನ್ನು ಮತ್ತೆ ಮತ್ತೆ ಉಳಬೇಕಾಗುತ್ತಿತ್ತು. ಇಲ್ಲಿ ಒಂದು ಸೂಕ್ಷ್ಮವಿದೆ. ಸಾಧನ ಹಗುರವಾದಷ್ಟೂ ದುಡಿಮೆಯ ದಿನಗಳು ಹೆಚ್ಚುತ್ತವೆ. ಫಸಲು ಅಷ್ಟೇ ಬಂದರೂ ಪ್ರತಿ ಆಳಿನ ಪಾಲು ಕುಗ್ಗುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ, ಸಣ್ಣ ಎತ್ತುಗಳು ಎಳೆಯಬಲ್ಲ, ಊರಿನ ಬಡಗಿ ಮಾಡಬಲ್ಲ, ಹೆಗಲ ಮೇಲೆ ಹೊರಬಲ್ಲ ನೇಗಿಲು ಬಡ ಒಕ್ಕಲಿಗೆ ಅದೊಂದೇ.

ಎಕರೆಯ ಲೆಕ್ಕ

ಮೈಸೂರಿನಲ್ಲಿ ಬ್ರಿಟಿಷ್ ಕಮಿಷನರರ ಆಡಳಿತವಿದ್ದಾಗ, 1863ರಲ್ಲಿ, ಕಂದಾಯ ಸರ್ವೆ ಶುರುವಾಯಿತು. ಸರಪಳಿ ಹಿಡಿದ ಸರ್ವೆಯವರು ಊರೂರಿಗೆ ಬಂದರು. ಹೊಲಗಳಿಗೆ ನಂಬರು ಬಿತ್ತು. ಖಂಡುಗ, ಕೊಳಗಗಳ ಜಾಗದಲ್ಲಿ ಎಕರೆ, ಗುಂಟೆ ಬಂದವು. ಕಂದಾಯ ಎಕರೆಯ ಮೇಲೆ ನಿಂತಾಗ ಲೆಕ್ಕವೂ ಎಕರೆಯ ಮೇಲೆ ನಿಂತಿತು.

ಅಷ್ಟರಲ್ಲಿ 1876-78ರ ಬರ ಬಂತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50.55 ಲಕ್ಷ ಇದ್ದದ್ದು 1881ರಲ್ಲಿ 41.86 ಲಕ್ಷಕ್ಕೆ ಇಳಿಯಿತು. ಸತ್ತವರ ಜೊತೆ ದನಕರುಗಳೂ ಹೋದವು. ಮಳೆಯನ್ನು ನಂಬಿದ ಬೇಸಾಯ ಎಷ್ಟು ದುರ್ಬಲವೆಂಬುದು ಆಳುವವರಿಗೂ ಮನವರಿಕೆಯಾಯಿತು. ನಂತರದ ದಶಕಗಳಲ್ಲಿ ನೀರಾವರಿ ಮೈಸೂರಿನ ದೊಡ್ಡ ಗುರಿಯಾದುದಕ್ಕೆ ಈ ನೆನಪೂ ಒಂದು ಕಾರಣ.

ಕನ್ನಂಬಾಡಿಯಲ್ಲಿ ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರು, ಮುಂದೆ ದಿವಾನರು. ಸುರ್ಕಿ ಗಾರೆ, ಕಲ್ಲು, ಸಾವಿರಾರು ಜನರ ಬೆವರು ಸೇರಿ ಅಣೆಕಟ್ಟು ಎದ್ದು ನಿಲ್ಲಲು ಎರಡು ದಶಕ ಹಿಡಿಯಿತು. 1930ರ ದಶಕದ ಆರಂಭದಲ್ಲಿ, ಆಗ ಇರ್ವಿನ್ ನಾಲೆ ಎಂದು ಕರೆಸಿಕೊಳ್ಳುತ್ತಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯಿತು. ಹುಳಿಕೆರೆಯ ಬಳಿ ಗುಡ್ಡದ ಹೊಟ್ಟೆ ಕೊರೆದು ಸುರಂಗದಲ್ಲಿ ಹಾಯಿಸಿದ ಈ ನಾಲೆಯಿಂದ 1.2 ಲಕ್ಷ ಎಕರೆಗೆ ನೀರುಣಿಸುವ ಯೋಜನೆ ಇತ್ತು.

ನೀರಿನ ಬೆನ್ನಿಗೆ ಕಾರ್ಖಾನೆ ಬಂತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ, ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಅವರ ಒತ್ತಾಸೆಯಿಂದ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಈ ಸೀಮೆಗೆ ಸಕ್ಕರೆ ಹೊಸದೇನಲ್ಲ. ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ 1847ರಲ್ಲೇ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ರೈತರ ಬೆಲ್ಲವನ್ನು ಕೊಂಡು ಶುದ್ಧಿ ಮಾಡುತ್ತಿತ್ತು. ಅದರ ಸಕ್ಕರೆ 1851ರ ಲಂಡನ್ ಮಹಾಪ್ರದರ್ಶನದವರೆಗೂ ಹೋಗಿ ಬಂದಿತ್ತು. ಹೊಸದಾಗಿದ್ದುದು ಕಬ್ಬಿನ ವಿಸ್ತಾರ. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಸ್ವಾತಂತ್ರ್ಯಾನಂತರ ಪಾಂಡವಪುರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ತಲೆ ಎತ್ತಿತು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದ ಮೇಲೆ ಅದರ ಎಡದಂಡೆ ನಾಲೆ ಕೆ.ಆರ್. ಪೇಟೆ, ನಾಗಮಂಗಲಗಳ ಕಡೆಗೂ ಮುಖ ಮಾಡಿತು.

ಎಕರೆಯ ಲೆಕ್ಕದಲ್ಲಿ ಇದು ದೊಡ್ಡ ವಿಜಯ. ರಾಗಿ ಬಂದರೆ ಬಂತು ಎಂಬಂತಿದ್ದ ಬೆದ್ದಲು ಗದ್ದೆಯಾಯಿತು. 1960ರ ದಶಕದ ಕೊನೆಯಲ್ಲಿ ಐಆರ್-8, ಜಯ ಮೊದಲಾದ ಗಿಡ್ಡ ಭತ್ತದ ತಳಿಗಳು ಬಂದು ಇಳುವರಿ ಇನ್ನಷ್ಟು ಏರಿತು.

ರಾಗಿಗೂ ಒಂದು ಕಾಲ

ಈ ಏರಿಕೆ ಗದ್ದೆಯವರಿಗಷ್ಟೇ ಸೀಮಿತವಾಗಲಿಲ್ಲ ಎಂಬುದನ್ನು ಹೇಳಲೇಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ದಶಕಗಳ ಕಾಲ ದುಡಿದ ವಿಜ್ಞಾನಿ ಲಕ್ಷ್ಮಣಯ್ಯನವರನ್ನು ಜನ ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ರಾಗಿಯ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು. ಅದರಲ್ಲಿ ಸಂಕರ ಮಾಡುವುದು ಬಹಳ ತಾಳ್ಮೆಯ ಕೆಲಸ. ಅವರು ನಮ್ಮ ನಾಡಿನ ರಾಗಿಯನ್ನು ಆಫ್ರಿಕದ ರಾಗಿಯೊಂದಿಗೆ ಬೆಸೆದು 1970ರ ದಶಕದಿಂದ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ, ಆಫ್ರಿಕ ಎರಡರ ಹೆಸರೂ ಅದರಲ್ಲಿದೆ. ನೀರಿಲ್ಲದ ನಾಗಮಂಗಲದಂಥ ಸೀಮೆಯ ಒಕ್ಕಲಿಗೂ ಎಕರೆಗೆ ಹೆಚ್ಚು ಮೂಟೆ ರಾಗಿ ಕಾಣುವಂತಾದುದರಲ್ಲಿ ಈ ತಳಿಗಳ ಪಾಲು ದೊಡ್ಡದು. ಅದೇ ಹೊಲ, ಅದೇ ಆಳು, ಹೆಚ್ಚು ರಾಗಿ. ಆಳಿನ ಲೆಕ್ಕವೂ ನೇರವಾಗಿ ಏರಿದ ಅಪರೂಪದ ಸಂದರ್ಭ ಇದು.

ಎರಡು ಹಳ್ಳಿಗಳ ಪಾಠ

ನೀರು ಬಂದರೆ ಆಳಿಗೆ ಏನಾಗುತ್ತದೆ? ಇದನ್ನು ಹತ್ತಿರದಿಂದ ನೋಡಿದವರು ವಿಯೆನ್ನಾದಲ್ಲಿ ಹುಟ್ಟಿದ ಸಂಶೋಧಕಿ ಸ್ಕಾರ್ಲೆಟ್ ಎಪ್‌ಸ್ಟೀನ್. 1954ರಿಂದ 1956ರವರೆಗೆ ಅವರು ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಪುಸ್ತಕದಲ್ಲಿ ಅವುಗಳಿಗೆ ವಂಗಲ, ದಲೇನ ಎಂಬ ಬದಲಿ ಹೆಸರು ಕೊಟ್ಟರು. ಮೊದಲನೆಯದಕ್ಕೆ ನಾಲೆಯ ನೀರು ಸಿಕ್ಕಿತ್ತು. ಎರಡನೆಯದು ಎತ್ತರದಲ್ಲಿದ್ದುದರಿಂದ ನೀರು ಹತ್ತಲಿಲ್ಲ.

ಅವರಿಗೆ ಕಂಡದ್ದು ಎಲ್ಲರ ನಿರೀಕ್ಷೆಗೆ ವಿರುದ್ಧವಾಗಿತ್ತು. ನೀರು ಬಂದ ಹಳ್ಳಿ ಸಿರಿವಂತವಾಯಿತು ನಿಜ. ಆದರೆ ಬೇಸಾಯದಲ್ಲೇ ಇನ್ನಷ್ಟು ಗಟ್ಟಿಯಾಗಿ ನೆಲೆನಿಂತಿತು. ಕಬ್ಬು, ಭತ್ತಗಳಿಗೆ ಆಳು ಹೆಚ್ಚು ಬೇಕಾದುದರಿಂದ ಒಡೆಯ ಮತ್ತು ತಲೆಮಾರುಗಳಿಂದ ಅವನಿಗೆ ದುಡಿಯುತ್ತಿದ್ದ ದಲಿತ ಕುಟುಂಬದ ಹಳೆಯ ಸಂಬಂಧ ಹಾಗೆಯೇ ಉಳಿಯಿತು. ನೀರು ಸಿಗದ ಹಳ್ಳಿಯವರು ಸುಮ್ಮನೆ ಕೂರಲಿಲ್ಲ. ಮಂಡ್ಯ ಪೇಟೆಯಲ್ಲಿ ಕೆಲಸ ಹುಡುಕಿದರು, ಕಬ್ಬಿನ ಗಾಡಿ ಹೊಡೆದರು, ಹಿಟ್ಟಿನ ಗಿರಣಿ ಹಾಕಿದರು, ದನದ ವ್ಯಾಪಾರ ಮಾಡಿದರು, ಪಕ್ಕದೂರಿನಲ್ಲಿ ಗದ್ದೆ ಕೊಂಡರು. ಅಲ್ಲಿ ಹಳೆಯ ಕಟ್ಟುಗಳು ಬೇಗ ಸಡಿಲವಾದವು. 1962ರಲ್ಲಿ ಪ್ರಕಟವಾದ ಈ ಅಧ್ಯಯನ ಜಗತ್ತಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಪಾಠವಾಯಿತು. ಎಪ್‌ಸ್ಟೀನ್ 1970ರಲ್ಲಿ ಮತ್ತೆ ಬಂದು ಅದೇ ಹಳ್ಳಿಗಳನ್ನು ನೋಡಿದರು.

ಇದರ ತಿರುಳನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಅಂಕಿಗಳು ಕೇವಲ ಊಹೆಯವು ಎಂದಿಟ್ಟುಕೊಳ್ಳಿ. ಒಂದು ಎಕರೆ ಬೆದ್ದಲಿಗೆ 25 ಆಳಿನ ದಿನಗಳು ಬೇಕು, 6 ಕ್ವಿಂಟಲ್ ರಾಗಿ ಬರುತ್ತದೆ. ಆಗ ದಿನಕ್ಕೆ ಒಂದು ಆಳಿನ ಪಾಲು 24 ಕಿಲೋ. ಒಂದು ಎಕರೆ ಗದ್ದೆಗೆ 60 ದಿನಗಳು ಬೇಕು, 18 ಕ್ವಿಂಟಲ್ ಭತ್ತ ಬರುತ್ತದೆ. ಆಗ ದಿನಕ್ಕೆ 30 ಕಿಲೋ. ಎಕರೆಯ ಇಳುವರಿ ಮೂರು ಪಟ್ಟಾಯಿತು, ಆಳಿನ ಪಾಲು ಏರಿದ್ದು ಕಾಲು ಭಾಗ ಮಾತ್ರ. ನೀರಾವರಿಯ ದೊಡ್ಡ ಉಪಕಾರ ಬೇರೆ ಕಡೆ ಇದೆ. ಅದು ವರ್ಷದಲ್ಲಿ ದುಡಿಮೆಯ ದಿನಗಳನ್ನು ಹೆಚ್ಚಿಸುತ್ತದೆ. ಮುಂಗಾರಿನಿಂದ ಸುಗ್ಗಿಯವರೆಗೆ ದುಡಿದು ಉಳಿದ ತಿಂಗಳು ಕೆಲಸವಿಲ್ಲದೆ ಕೂರುತ್ತಿದ್ದವನಿಗೆ ಬೇಸಿಗೆಯಲ್ಲೂ ಗದ್ದೆಯ ಕೆಲಸ ಸಿಗುತ್ತದೆ.

ಆದರೆ ಹೊಲಕ್ಕೆ ಮಿತಿಯುಂಟು, ಮಕ್ಕಳು ಮೊಮ್ಮಕ್ಕಳಾಗಿ ಮನೆ ಬೆಳೆಯುತ್ತದೆ. ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 1970-71ರಲ್ಲಿ 3.20 ಹೆಕ್ಟೇರ್ ಇತ್ತು. 2015-16ರ ಹೊತ್ತಿಗೆ 1.36 ಹೆಕ್ಟೇರ್‌ಗೆ ಇಳಿಯಿತು. ಮಂಡ್ಯ ಜಿಲ್ಲೆಯ ಸರಾಸರಿ ಇದಕ್ಕಿಂತಲೂ ಬಹಳ ಕಡಿಮೆ. ಎಕರೆಯ ಇಳುವರಿ ಏರಿದ ವೇಗದಲ್ಲೇ ತಲೆಗೆ ಬರುವ ಎಕರೆ ಕರಗುತ್ತ ಹೋಯಿತು.

ದೇಶದ ಲೆಕ್ಕ

ಈಗ ಇದೇ ಅಳತೆಗೋಲಿನಿಂದ ದೇಶವನ್ನು ನೋಡೋಣ. 1950-51ರಲ್ಲಿ ಭಾರತದ ಆಹಾರಧಾನ್ಯ ಉತ್ಪಾದನೆ ಸುಮಾರು 508 ಲಕ್ಷ ಟನ್. 2022-23ರಲ್ಲಿ ಅದು ಸುಮಾರು 3,297 ಲಕ್ಷ ಟನ್. ಆರು ಪಟ್ಟಿಗೂ ಹೆಚ್ಚು. ಹಡಗಿನಲ್ಲಿ ಗೋಧಿ ಬರುವುದನ್ನು ಕಾಯುತ್ತಿದ್ದ ದೇಶಕ್ಕೆ ಇದು ಸಣ್ಣ ಸಾಧನೆಯಲ್ಲ.

ಇನ್ನೊಂದು ಮುಖವನ್ನೂ ನೋಡಬೇಕು. ಸ್ವಾತಂತ್ರ್ಯದ ಹೊಸತರಲ್ಲಿ ದುಡಿಯುವ ನೂರು ಜನರಲ್ಲಿ ಸುಮಾರು 70 ಮಂದಿ ಬೇಸಾಯದಲ್ಲಿದ್ದರು. ದೇಶದ ನೂರು ರೂಪಾಯಿ ಉತ್ಪನ್ನದಲ್ಲಿ ಅವರ ಪಾಲು ಅರ್ಧಕ್ಕೂ ಸ್ವಲ್ಪ ಹೆಚ್ಚು. ಅಂದರೆ ಬೇರೆ ಉದ್ಯೋಗದಲ್ಲಿದ್ದ ಒಬ್ಬನ ಉತ್ಪನ್ನ ಬೇಸಾಯದವನ ಉತ್ಪನ್ನದ ಸುಮಾರು ಎರಡು ಪಟ್ಟು. 2022-23ರಲ್ಲಿ ನೂರರಲ್ಲಿ ಸುಮಾರು 46 ಮಂದಿ ಬೇಸಾಯದಲ್ಲಿದ್ದರು, ಉತ್ಪನ್ನದಲ್ಲಿ ಅವರ ಪಾಲು ಸುಮಾರು 18 ರೂಪಾಯಿ. ಉಳಿದ 54 ಮಂದಿ 82 ರೂಪಾಯಿ ಉತ್ಪಾದಿಸಿದರು. ಅಂತರ ಸುಮಾರು ನಾಲ್ಕು ಪಟ್ಟಾಯಿತು.

ರೈತ ಹಿಂದೆ ಬಿದ್ದದ್ದು ಸೋಮಾರಿತನದಿಂದಲ್ಲ. ಹೊಲದ ಉತ್ಪನ್ನವೂ ಏರಿದೆ, ಪೇಟೆಯ ಉತ್ಪನ್ನ ಅದಕ್ಕಿಂತ ಬೇಗ ಏರಿದೆ. ಆದರೆ ಹೊಲದಿಂದ ಪೇಟೆಗೆ ಜನ ಸರಿದದ್ದು ಬಹಳ ನಿಧಾನ. ಇದರ ಜೊತೆಗೆ ಬೆಲೆಯ ಪ್ರಶ್ನೆ ಇದೆ. ಆಳಿನ ಲೆಕ್ಕವನ್ನು ಕ್ವಿಂಟಲ್‌ನಲ್ಲಿ ಹಾಕುವುದು ಬೇರೆ, ರೂಪಾಯಿಯಲ್ಲಿ ಹಾಕುವುದು ಬೇರೆ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ ವೈಜ್ಞಾನಿಕ ಬೆಲೆ ಕೇಳಿದ್ದು ಇದೇ ಕಾರಣಕ್ಕೆ. ಪಾಂಡವಪುರದ ಕೆ.ಎಸ್. ಪುಟ್ಟಣ್ಣಯ್ಯನವರು 2018ರಲ್ಲಿ ತೀರಿಕೊಳ್ಳುವವರೆಗೂ ಆ ವಾದವನ್ನು ಬೀದಿಯಲ್ಲೂ ವಿಧಾನಸಭೆಯಲ್ಲೂ ಮುಂದಿಟ್ಟರು. 2015ರಲ್ಲಿ ಕಬ್ಬಿನ ಬೆಲೆ, ಬಾಕಿ ಹಣ, ಸಾಲಗಳ ನಡುವೆ ಸಿಕ್ಕಿ ಮಂಡ್ಯ ಜಿಲ್ಲೆಯಲ್ಲಿ ರೈತರು ಸಾಲುಸಾಲಾಗಿ ಆತ್ಮಹತ್ಯೆ ಮಾಡಿಕೊಂಡಾಗ ಗದ್ದೆಯಲ್ಲಿ ಬೆಳೆಗೇನೂ ಕೊರತೆ ಇರಲಿಲ್ಲ.

ಕನ್ನಂಬಾಡಿ ಕಟ್ಟಿಸಿದ ವಿಶ್ವೇಶ್ವರಯ್ಯನವರಿಗೆ ಆಳಿನ ಲೆಕ್ಕ ಚೆನ್ನಾಗಿ ಗೊತ್ತಿತ್ತು. 1934ರಲ್ಲಿ ಪ್ರಕಟಿಸಿದ ಯೋಜಿತ ಆರ್ಥಿಕತೆಯ ಪುಸ್ತಕದಲ್ಲಿ ಅವರು ಒತ್ತಿ ಹೇಳಿದ್ದು ಬೇಸಾಯದಲ್ಲಿರುವ ಜನರನ್ನು ಕೈಗಾರಿಕೆಗೆ ಕರೆತರಬೇಕು ಎಂದು. ನಾಲೆಯ ಜೊತೆ ಕಾರ್ಖಾನೆಯೂ ಬೇಕೆಂಬುದು ಅವರ ದೃಷ್ಟಿ. ನಾವು ನಾಲೆಯನ್ನು ನೆನಪಿಟ್ಟುಕೊಂಡೆವು, ಪುಸ್ತಕವನ್ನು ಮರೆತೆವು.

ಹೋದವರು, ಬಂದವರು, ಉಳಿದವರು

ಜನ ಮಾತ್ರ ಯಾರ ಯೋಜನೆಗೂ ಕಾಯಲಿಲ್ಲ. ಕೆ.ಆರ್. ಪೇಟೆ, ನಾಗಮಂಗಲದಿಂದ ಬೆಂಗಳೂರಿಗೆ, ಮುಂಬೈಗೆ ಹೋದವರು ಅಪಾರ. 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಬೆಳೆದರೆ ಮಂಡ್ಯ ಜಿಲ್ಲೆಯದು ಬೆಳೆದದ್ದು ಶೇ 2.4ರಷ್ಟು ಮಾತ್ರ. 2020ರ ಮೇ ತಿಂಗಳಲ್ಲಿ ಕೊರೊನಾ ಕಾರಣದಿಂದ ಮುಂಬೈನಿಂದ ಈ ತಾಲ್ಲೂಕುಗಳಿಗೆ ಜನ ಮರಳಿದಾಗಲೇ ಎಷ್ಟು ಮನೆಗಳ ಮಕ್ಕಳು ಅಲ್ಲಿದ್ದರು ಎಂಬುದು ಹೊರಜಗತ್ತಿಗೆ ತಿಳಿಯಿತು. ದೇಶದಾದ್ಯಂತ ಹೀಗೇ ಆಯಿತು. ದುಡಿಯುವವರಲ್ಲಿ ಬೇಸಾಯದವರ ಪ್ರಮಾಣ 2018-19ರಲ್ಲಿ ಶೇ 42.5 ಇದ್ದದ್ದು 2020-21ರಲ್ಲಿ ಶೇ 46.5ಕ್ಕೆ ಏರಿತು. ಹೊಲ ಅಷ್ಟೇ ಇತ್ತು, ತಟ್ಟೆಗಳು ಹೆಚ್ಚಾದವು.

ಇತ್ತ ಹೊಲದಲ್ಲಿ ಆಳು ಸಿಗುವುದಿಲ್ಲ ಎಂಬ ದೂರು. ಮುಯ್ಯಾಳು ಪದ್ಧತಿ ಅಪರೂಪವಾಗಿದೆ. ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ತಂಡಗಳು ಬರುತ್ತವೆ. ಆಲೆಮನೆಗಳಲ್ಲಿ ಉತ್ತರ ಪ್ರದೇಶದ ಕೆಲಸಗಾರರು ಬೆಲ್ಲ ಕಾಯಿಸುತ್ತಾರೆ. ಭತ್ತದ ಕಟಾವಿಗೆ ಯಂತ್ರ ಬಂದಿದೆ. ಹತ್ತಾರು ಜನ ಕೊಯ್ದು, ಹೊರೆ ಕಟ್ಟಿ, ಮೆದೆ ಹಾಕಿ, ಬಡಿಯಬೇಕಾಗಿದ್ದ ಗದ್ದೆಯನ್ನು ಅದು ಕೆಲವೇ ಗಂಟೆಗಳಲ್ಲಿ ಮುಗಿಸುತ್ತದೆ. ಪುಸ್ತಕದ ಪ್ರಕಾರ ಇದೇ ಶ್ರಮದ ಉತ್ಪಾದಕತೆಯ ಏರಿಕೆ. ಆದರೆ ಆ ಯಂತ್ರದಿಂದ ಉಳಿದ ದಿನಗಳು ಯಾರ ಪಾಲಾದವು ಎಂದು ಕೇಳಬೇಕು. ಪೇಟೆಯಲ್ಲಿ ಬೇರೆ ಕೆಲಸ ಸಿಕ್ಕವರಿಗೆ ಅದು ಲಾಭ. ನಾಟಿ, ಕಳೆ, ಕೊಯ್ಲುಗಳ ಕೂಲಿಯಲ್ಲೇ ಮನೆ ನಡೆಸುತ್ತಿದ್ದ ಜಮೀನಿಲ್ಲದ ಹೆಣ್ಣಾಳಿಗೆ ಅದು ಕಳೆದುಹೋದ ದಿನಗೂಲಿ.

2022ರ ನವೆಂಬರ್‌ನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಒಂದು ವಧು-ವರರ ಸಮಾವೇಶ ನಡೆಯಿತು. ಹೆಸರು ಬರೆಸಿದ ಯುವಕರು ಹನ್ನೊಂದು ಸಾವಿರಕ್ಕೂ ಹೆಚ್ಚು, ಯುವತಿಯರು ಕೆಲವು ನೂರು ಮಾತ್ರ. ಬೇಸಾಯಗಾರನಿಗೆ ಹೆಣ್ಣು ಸಿಗುವುದಿಲ್ಲ ಎಂಬ ಮಾತು ಅಂದು ಎಲ್ಲೆಡೆ ಚರ್ಚೆಯಾಯಿತು. ಇದನ್ನು ಕಾಲದ ಕೇಡೆಂದು ಬೈದವರು ಉಂಟು. ಹುಡುಗಿ ಕಡಿಮೆಯಾಗಲು ಬೇರೆ ಕಾರಣಗಳೂ ಇವೆ. ಆದರೆ ಹೆಣ್ಣು ಹೆತ್ತವರು ಎಕರೆಗೆ ಎಷ್ಟು ಬರುತ್ತದೆ ಎಂದು ಕೇಳಿ ಸುಮ್ಮನಾಗುವುದಿಲ್ಲ. ಎಷ್ಟು ಜನ ದುಡಿಯುತ್ತೀರಿ, ಕೊನೆಗೆ ತಲೆಗೆ ಎಷ್ಟು ಉಳಿಯುತ್ತದೆ ಎಂದೂ ಕೇಳುತ್ತಾರೆ. ವರದಿಗಳು ಬದಿಗಿಟ್ಟ ಪ್ರಶ್ನೆ ಈಗ ಮನೆಯ ಜಗಲಿಗೆ ಬಂದಿದೆ. ಉತ್ತರ ಹೇಳಬೇಕಾದವನು ಆ ಹುಡುಗನೊಬ್ಬನೇ ಅಲ್ಲ ಎಂಬುದನ್ನು ಯೋಜನೆ ಮಾಡುವವರು ನೆನಪಿಟ್ಟುಕೊಳ್ಳಬೇಕು.